ಟ್ಯೂನರ್ ಹಸಿರು ತೋರಿಸಿದ್ರೂ ಅಪಸ್ವರ ಯಾಕೆ? ವಿಂಡ್ ಕ್ವಿಂಟೆಟ್‌ಗೆ ಹೊಸದಾಗಿ ಸೇರಿದವರ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಲ್ಲಿ ಸ್ಕೂಲ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಕಲಿತೆ, ಗ್ರೇಡ್ 6 ಆಗಿದೆ. ಚಿಕ್ಕವಳಿದ್ದಾಗ ವರ್ಣದ ತನಕ ಸಂಗೀತ ಪಾಠಾನೂ ಆಗಿತ್ತು. ಈಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಿದೀನಿ. ಹೋದ ವರ್ಷ ಕಾಲೇಜಿನ ದೊಡ್ಡ ಬ್ಯಾಂಡ್‌ನಲ್ಲಿದ್ದೆ, ಈ ಸೆಮಿಸ್ಟರ್ ವಿಂಡ್ ಕ್ವಿಂಟೆಟ್‌ಗೆ, ಅಂದ್ರೆ ಐದು ಊದುವಾದ್ಯಗಳ ಗುಂಪಿಗೆ, ಹಾಕಿದಾರೆ, ಉಳಿದ ನಾಲ್ಕೂ ಜನ ಮ್ಯೂಸಿಕ್ ಮೇಜರ್ಸ್, ಸಂಗೀತವನ್ನೇ ಮುಖ್ಯ ವಿಷಯವಾಗಿ ಓದೋರು. ಡಾಂಟ್ಸಿ ಮತ್ತೆ ಈಬೇರ್ ಅನ್ನೋ ಸಂಗೀತ ರಚನಕಾರರ ಪೀಸ್ ಕೊಟ್ಟಿದಾರೆ. ನನ್ನ ಪಾರ್ಟ್ ಮನೇಲಿ ಚೆನ್ನಾಗೇ ಬರತ್ತೆ, ಆದ್ರೆ ಎಲ್ಲರ ಜೊತೆ ಕೂತ್ರೆ ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ. ಟ್ಯೂನರ್‌ನಲ್ಲಿ (ಶ್ರುತಿ ಅಳೆಯೋ ಸಾಧನ) ನನ್ನ ನೋಟ್ ಸರಿಯಾಗಿ ಹಸಿರು ತೋರಿಸ್ತಿದ್ರೂ ಕೋಚ್ "ಶಾರ್ಪ್ ಇದೀಯ, ಕೇಳಿಸ್ಕೊ" ಅಂತಾರೆ, ಅಂದ್ರೆ ನನ್ನ ಶ್ರುತಿ ಮೇಲಿದೆ ಅಂತ. ಏನನ್ನ ಕೇಳಿಸ್ಕೊಬೇಕು? ರಿಹರ್ಸಲ್‌ನಲ್ಲಿ ಬಾಯಿ ಬಿಡೋಕೂ ಸಂಕೋಚ. ಮೌತ್‌ಪೀಸ್ ಬದಲಾಯಿಸಿದ್ರೆ ಏನಾದ್ರೂ ಉಪಯೋಗ ಆಗತ್ತಾ?

ಉತ್ತರ:

ಮೌತ್‌ಪೀಸ್ ವಿಷಯ ಮೊದಲು ಮುಗಿಸಿಬಿಡ್ತೀನಿ: ಬೇಡ. ಈ ಸೆಮಿಸ್ಟರ್ ಅಂತೂ ಬೇಡವೇ ಬೇಡ. ಹೊಸ ಮೌತ್‌ಪೀಸ್‌ಗೆ ಬಾಯಿ ಒಗ್ಗೋಕೆ ವಾರಗಟ್ಟಲೆ ಬೇಕು, ಅದಕ್ಕೆ ತಕ್ಕ ರೀಡ್ (ಅದುರಿ ಸ್ವರ ಹುಟ್ಟಿಸೋ ತೆಳು ಪಟ್ಟಿ) ಹುಡುಕೋದು ಇನ್ನೊಂದು ತಲೆನೋವು, ಅಷ್ಟರಲ್ಲಿ ರಿಸೈಟಲ್ ಬಂದಿರತ್ತೆ. ನಿಮಗಿರೋ ಸಮಸ್ಯೆ ಸಾಮಾನಿಂದಲ್ಲ.

ಬ್ಯಾಂಡ್‌ನಲ್ಲಿ ನಿಮ್ಮ ಪಾರ್ಟನ್ನೇ ಇನ್ನೂ ಮೂರ್ನಾಲ್ಕು ಜನ ಊದ್ತಿರ್ತಾರೆ, ಮುಂದೆ ಕಂಡಕ್ಟರ್ ನಿಂತಿರ್ತಾರೆ, ನೀವು ಮಾಡ್ಬೇಕಾದ್ದು ಪಕ್ಕದವರ ದನಿಯೊಳಗೆ ಕರಗಿ ಹೋಗೋದು ಅಷ್ಟೇ. ಕ್ವಿಂಟೆಟ್‌ನಲ್ಲಿ ಒಂದು ಪಾರ್ಟ್‌ಗೆ ಒಬ್ಬರೇ, ಕೈ ಬೀಸೋರು ಯಾರೂ ಇಲ್ಲ, ಅಷ್ಟೇ ಅಲ್ಲ, ನಿಮ್ಮ ಕೆಲಸ ನಾಲ್ಕು ಬಾರ್‌ಗೊಂದ್ಸಲ (ಬಾರ್ ಅಂದ್ರೆ ತಾಳದ ಆವರ್ತ ಇದ್ದಂಗೆ) ಬದಲಾಗ್ತಾನೇ ಇರತ್ತೆ, ಈಗ ರಾಗ, ಅಂದ್ರೆ ಮುಖ್ಯ ಸಾಲು, ನಿಮ್ಮದು, ಮುಂದಿನ ಬಾರ್‌ನಲ್ಲಿ ಓಬೋಗೆ ಹಿಂದಿಂದ ಆಸರೆ, ಅದರ ಮುಂದೆ ಬಸೂನ್ ಜೊತೆ ಸೇರಿ ತಾಳ ಹಿಡಿಯೋ ಕೆಲಸ. ಈ ಬದಲಾವಣೆ ಯಾವುದೂ ನಿಮ್ಮ ಪಾರ್ಟ್‌ನ ಹಾಳೇಲಿ ಬರೆದಿರಲ್ಲ. ಹಾಳೇಲಿ ಇರೋದು ನಿಮ್ಮ ಸ್ವರಗಳು ಮಾತ್ರ. ಅದಕ್ಕೇ ಮನೇಲಿ ಎಷ್ಟು ಸಾಧನೆ ಮಾಡಿದ್ರೂ ಅರ್ಧ ಪೀಸ್ ಮಾತ್ರ ಗೊತ್ತಾದಂಗೆ, ಉಳಿದ ಅರ್ಧ ಬೇರೆ ನಾಲ್ಕು ಹಾಳೇಲಿದೆ. ಕೋಚ್ "ಕೇಳಿಸ್ಕೊ" ಅಂದಾಗ ಅದರರ್ಥ ಕಿವಿ ಚುರುಕು ಮಾಡ್ಕೊ ಅಂತಲ್ಲ, ಈ ಕ್ಷಣ ಯಾರನ್ನ ಕೇಳಿಸ್ಕೊಬೇಕು ಅಂತ ಮುಂಚೆನೇ ತಿಳ್ಕೊಂಡು ಬಾ ಅಂತ.

ಇನ್ನೊಂದು ವಿಷಯ, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಸ್ಟ್ರಿಂಗ್ ಕ್ವಾರ್ಟೆಟ್ ತಗೊಳ್ಳಿ, ನಾಲ್ಕೂ ಒಂದೇ ಕುಟುಂಬ, ನಾಲ್ಕಕ್ಕೂ ತಂತಿ, ನಾಲ್ಕಕ್ಕೂ ಬಿಲ್ಲು, ಸುಮ್ಮನೆ ನುಡಿಸಿದ್ರೂ ಅರ್ಧ ಬೆರೆತಿರತ್ತೆ. ವಿಂಡ್ ಕ್ವಿಂಟೆಟ್ ಹಂಗಲ್ಲ. ಫ್ಲೂಟ್‌ಗೆ ರೀಡೇ ಇಲ್ಲ, ಅಂಚಿಗೆ ಗಾಳಿ ತಾಗಿ ಸ್ವರ ಹುಟ್ಟತ್ತೆ, ನಮ್ಮ ಕೊಳಲಿನ ಥರ. ಓಬೋ, ಬಸೂನ್ ಎರಡಕ್ಕೂ ಜೋಡಿ ರೀಡು, ಅಂದ್ರೆ ನಾಗಸ್ವರ, ಮುಖವೀಣೆಯ ನೆಂಟರು. ನಿಮ್ಮ ಕ್ಲಾರಿನೆಟ್‌ಗೆ ಒಂಟಿ ರೀಡು. ಇನ್ನು ಹಾರ್ನ್, ಅದು ಮರದ ವಾದ್ಯಗಳ ಗುಂಪಿಗೇ ಸೇರಿದ್ದಲ್ಲ, ಹಿತ್ತಾಳೆ, ತುಟಿ ಅದುರಿಸಿ ಊದೋದು. ಐದು ವಾದ್ಯ, ಸ್ವರ ಹುಟ್ಟೋ ರೀತಿ ಬೇರೆ ಬೇರೆ, ಸ್ವರದ ಆರಂಭ ಬೇರೆ, ಜೋರಾದಾಗ ಆಗೋದು ಬೇರೆ, ಮೆಲ್ಲಗಾದಾಗ ಆಗೋದು ಬೇರೆ. ಬೆರೆಯೋದು ತಾನಾಗೇ ಆಗಲ್ಲ, ಪ್ರತಿ ಬಾರ್‌ನಲ್ಲೂ ದುಡಿದು ತರ್ಬೇಕು, ಮೇಜರ್ಸ್ ಆಗಿರ್ಲಿ ಯಾರೇ ಆಗಿರ್ಲಿ.

ಈ ವಿಚಿತ್ರ ಜೋಡಣೆ ಎಲ್ಲಿಂದ ಬಂತು ಅಂತ ಸ್ವಲ್ಪ ಗೊತ್ತಿದ್ರೆ ನುಡಿಸೋಕೂ ಸಹಾಯ. ವಿಯೆನ್ನಾದಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ 1782ರಲ್ಲಿ ಆಸ್ಥಾನಕ್ಕೆ ಅಂತ ಎಂಟು ಜನರ ಊದುವಾದ್ಯದ ಮೇಳ ಇಟ್ಕೊಂಡಿದ್ದ, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್, ಎಲ್ಲ ಎರಡೆರಡು. ಅಂಥ ಮೇಳಗಳ ಸಂಗೀತ ಹೆಚ್ಚಾಗಿ ಊಟದ ಹೊತ್ತಿಗೆ, ತೋಟದಲ್ಲಿ ಸಂಜೆಗೆ. ಎಲ್ಲ ಜೋಡಿ ಇರೋದ್ರಿಂದ ಬೆರೆಯೋದು ಸುಲಭ. ಫ್ಲೂಟ್ ಸೇರಿಸಿ ಒಂದೊಂದೇ ವಾದ್ಯದ ಈ ಐವರ ಗುಂಪನ್ನ ನಿಲ್ಲಿಸಿದ್ದು ಮುಖ್ಯವಾಗಿ ಆಂಟನ್ ರೈಖಾ. ಪ್ರಾಗ್‌ನಲ್ಲಿ ಹುಟ್ಟಿದೋರು, ಬಾನ್ ಊರಿನ ಆಸ್ಥಾನದ ಆರ್ಕೆಸ್ಟ್ರಾದಲ್ಲಿ ಇವರು ಫ್ಲೂಟ್, ಬೀಥೋವನ್ ವಿಯೋಲಾ, ಆಮೇಲೆ ಪ್ಯಾರಿಸ್‌ಗೆ ಹೋಗಿ ಅಲ್ಲಿನ ಒಳ್ಳೊಳ್ಳೆ ವಾದಕರಿಗೆ ಅಂತ 24 ಕ್ವಿಂಟೆಟ್ ಬರೆದ್ರು. ಅದನ್ನ ನೋಡಿ ಡಾಂಟ್ಸಿ ಒಂಬತ್ತು ಬರೆದ್ರು. ಡಾಂಟ್ಸಿ (1763–1826) ಮೂಲತಃ ಸೆಲೋ ವಾದಕ, ಹಾಡುಗಾರಿಕೆ, ಆಪೆರಾ ಅಂದ್ರೆ ಪ್ರಾಣ, ಅದಕ್ಕೇ ಅವರ ಸಾಲುಗಳು ಹಾಡಿದಂಗೇ ಇರತ್ತೆ. ನಿಮಗೆ ಕೊಟ್ಟಿರೋದು ಓಪಸ್ 56ರಲ್ಲಿ ಒಂದು ಅಂದ್ಕೋತೀನಿ, ಕಾಲೇಜುಗಳಲ್ಲಿ ಬಹಳ ಸಲ ಅದನ್ನೇ ಕೊಡೋದು. ರೈಖಾಗಿಂತ ಚಿಕ್ಕದು, ಉಸಿರಿಗೆ ಹಗುರ, ಆದ್ರೆ ಮೋಸಹೋಗ್ಬೇಡಿ, ಸ್ವರಗಳು ಕಮ್ಮಿ ಇರೋ ಕಡೆ ಮುಚ್ಚಿಡೋಕೆ ಜಾಗಾನೂ ಕಮ್ಮಿ.

ಈಗ ಟ್ಯೂನರ್‌ಗೆ ಬರ್ತೀನಿ. ನಿಮ್ಮ ಟ್ಯೂನರ್ ಸುಳ್ಳು ಹೇಳ್ತಿಲ್ಲ, ಕೋಚ್ ಕೂಡ ಸುಳ್ಳು ಹೇಳ್ತಿಲ್ಲ.

ಟ್ಯೂನರ್ ಅಳೆಯೋದು ಪಿಯಾನೋದ ಅಳತೆ, ಅಂದ್ರೆ ಒಂದು ಸ್ಥಾಯಿಯನ್ನ 12 ಸಮಭಾಗ ಮಾಡಿ ಪ್ರತಿ ಭಾಗಕ್ಕೆ 100 ಸೆಂಟ್ ಅಂತ ಹಂಚಿರೋದು. ಆದ್ರೆ ಊದುವಾದ್ಯಗಳು ಒಂದು ಕಾರ್ಡನ್ನ, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪನ್ನ, ಉದ್ದಕ್ಕೆ ಹಿಡಿದಾಗ ಕಿವಿ ಕೇಳೋದು ಆ ಅಳತೆಯಲ್ಲ. ನೀವು ಸಂಗೀತ ಪಾಠಕ್ಕೆ ಹೋಗಿದ್ರಲ್ಲ, ತಂಬೂರಿ ನೆನಪಿಸ್ಕೊಳ್ಳಿ. ಮೀಟೋದು ಷಡ್ಜ, ಪಂಚಮ ಮಾತ್ರ, ಆದ್ರೂ ಶ್ರುತಿ ಚೆನ್ನಾಗಿ ಸೇರಿದಾಗ ಮಂದ್ರ ಷಡ್ಜದ ತಂತಿಯಿಂದ ಒಂದು ಗಾಂಧಾರ ತಾನಾಗೇ ಏಳತ್ತೆ, ಸ್ವಯಂಭೂ ಗಾಂಧಾರ ಅಂತಾರೆ. ಆ ಗಾಂಧಾರ ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಮೇಜರ್ ಕಾರ್ಡ್‌ನಲ್ಲಿ ಮೂರನೇ ಸ್ವರ, ಅಂದ್ರೆ ಅಂತರ ಗಾಂಧಾರದ ಸ್ಥಾನ, ಕೂತ್ಕೊಳ್ಳೋದು ಅಲ್ಲೇ. ಬಸೂನ್ ಬಿ ಫ್ಲ್ಯಾಟ್ ಹಿಡಿದಿದೆ, ಹಾರ್ನ್ ಎಫ್, ನಿಮಗೆ ಡಿ, ಅಂದ್ರೆ ನಿಮ್ಮ ಹಾಳೇಲಿ ಬರೆದಿರೋದು ಇ. ಆಗ ಟ್ಯೂನರ್ ನೋಡ್ಕೊಂಡು ಹಸಿರಿಗೆ ನಿಲ್ಲಿಸಿದ್ರೆ ನೀವು 14 ಸೆಂಟ್ ಶಾರ್ಪ್. ಕೋಚ್‌ಗೆ ಕೇಳಿಸ್ತಿರೋದು ಅದೇ. ಮೈನರ್ ಕಾರ್ಡ್‌ನಲ್ಲಿ ಉಲ್ಟಾ, ಸಾಧಾರಣ ಗಾಂಧಾರ ಸುಮಾರು 16 ಸೆಂಟ್ ಮೇಲಿರ್ಬೇಕು. ಪಂಚಮ 2 ಸೆಂಟ್ ಮೇಲೆ, ಅದು ಲೆಕ್ಕಕ್ಕಿಲ್ಲ ಬಿಡಿ. ಹಂಗಾಗಿ ಒಂದೇ ಡಿ ಸ್ವರ, ಬಿ ಫ್ಲ್ಯಾಟ್ ಮೇಜರ್‌ನಲ್ಲಿ ಒಂದು ಕಡೆ, ಬಿ ಮೈನರ್‌ನಲ್ಲಿ ಇನ್ನೊಂದು ಕಡೆ, ಡಿ ಮೇಜರ್‌ನಲ್ಲಿ ಮತ್ತೊಂದು ಕಡೆ. ಟ್ಯೂನರ್‌ಗೆ ಇದೇನೂ ಗೊತ್ತಾಗಲ್ಲ, ಯಾಕಂದ್ರೆ ಉಳಿದ ನಾಲ್ವರು ಏನು ನುಡಿಸ್ತಿದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ.

ಸಂಗೀತ ಪಾಠ ಆದೋರಿಗೆ ಇಲ್ಲಿ ಒಂದು ಅನುಕೂಲ, ಒಂದು ಅನಾನುಕೂಲ. ಅನುಕೂಲ, ಶ್ರುತಿಗೆ ಸರಿಯಾಗಿ ಸೇರಿದ ಅಂತರ ಗಾಂಧಾರ ಹೆಂಗಿರತ್ತೆ ಅಂತ ನಿಮ್ಮ ಕಿವಿಗೆ ಚಿಕ್ಕಂದಿನಿಂದ ಗೊತ್ತು, ನಿಮ್ಮ ಜೊತೆಯ ಮೇಜರ್ಸ್‌ನಲ್ಲಿ ಕೆಲವರು ಅದನ್ನ ಈಗ ಡ್ರೋನ್ (ಶ್ರುತಿಪೆಟ್ಟಿಗೆ ಥರ ಒಂದೇ ಸ್ವರ ಹಿಡಿಯೋದು) ಇಟ್ಕೊಂಡು ಕಲೀತಿರ್ತಾರೆ. ಅನಾನುಕೂಲ, ನಮ್ಮಲ್ಲಿ ಆಧಾರ ಷಡ್ಜ ಕಛೇರಿ ಮುಗಿಯೋವರೆಗೂ ಅಲ್ಲಾಡಲ್ಲ, ಇಲ್ಲಿ ಕಾರ್ಡ್ ಬದಲಾದಂಗೆಲ್ಲ ಷಡ್ಜ ಬದಲಾಗತ್ತೆ. ಹೋದ ಬಾರ್‌ನಲ್ಲಿ ನೀವು ಪಂಚಮ, ಈ ಬಾರ್‌ನಲ್ಲಿ ನೀವೇ ಷಡ್ಜ. ಅದಕ್ಕೆ ಒಂದು ಕೆಲಸ ಮಾಡಿ. ಸ್ಕೋರ್, ಅಂದ್ರೆ ಐವರ ಪಾರ್ಟೂ ಒಟ್ಟಿಗಿರೋ ಪ್ರತಿ, ತಗೊಂಡು (ಡಾಂಟ್ಸಿದು ಐಎಂಎಸ್‌ಎಲ್‌ಪಿ ಅನ್ನೋ ವೆಬ್‌ಸೈಟ್‌ನಲ್ಲಿ ಫ್ರೀ ಸಿಗತ್ತೆ) ಪ್ರತಿ ಉದ್ದ ಕಾರ್ಡ್‌ನಲ್ಲೂ ನಿಮ್ಮ ಸ್ವರ ಏನಾಗಿದೆ ನೋಡಿ, ನಿಮ್ಮ ಪಾರ್ಟ್‌ನಲ್ಲಿ ಅದರ ಮೇಲೆ ಪೆನ್ಸಿಲ್‌ನಲ್ಲಿ ಸ, ಗ, ಪ ಅಂತ ಕನ್ನಡದಲ್ಲೇ ಬರ್ಕೊಳ್ಳಿ. ಬೇರೆ ಯಾರಿಗೂ ಅರ್ಥ ಆಗಲ್ಲ, ನಿಮಗೆ ಕಣ್ಣು ಬಿದ್ದ ತಕ್ಷಣ ಅರ್ಥ ಆಗತ್ತೆ. ಬಸೂನ್ ಯಾವಾಗ್ಲೂ ಷಡ್ಜವೇ ಹಿಡಿದಿರತ್ತೆ ಅಂದ್ಕೋಬೇಡಿ, ಬಹಳ ಸಲ ಹಿಡಿದಿರತ್ತೆ, ಆದ್ರೆ ಕಾರ್ಡ್ ತಲೆಕೆಳಗಾಗಿದ್ರೆ ಕೆಳಗೆ ಗಾಂಧಾರನೋ ಪಂಚಮನೋ ಇರತ್ತೆ. ಸ್ಕೋರ್ ನೋಡಿದ್ರೆ ಮಾತ್ರ ಗೊತ್ತಾಗೋದು.

ರಿಹರ್ಸಲ್‌ನಲ್ಲಿ ಕಾರ್ಡ್ ಕಟ್ಟೋದಾದ್ರೆ ಮೊದಲು ಷಡ್ಜ ಇರೋರು, ಅದರ ಮೇಲೆ ಅದೇ ಸ್ವರ ಬೇರೆ ಸ್ಥಾಯಿಯಲ್ಲಿ ಇರೋರು, ಆಮೇಲೆ ಪಂಚಮ, ಕೊನೇಲಿ ಗಾಂಧಾರ. ಗಾಂಧಾರ ಇರೋರು ಮೆಲ್ಲಗೆ ಊದ್ಬೇಕು, ಅದೊಂದು ಜೋರಾದ್ರೆ ಕಾರ್ಡ್ ಎಷ್ಟು ಶುದ್ಧ ಇದ್ರೂ ಚುಚ್ಚತ್ತೆ. ಇನ್ನು ವೇಗವಾಗಿ ಓಡೋ ಸ್ವರಗಳಲ್ಲಿ ಈ 14, 16ರ ಲೆಕ್ಕ ಹಿಡ್ಕೊಂಡು ಕೂರ್ಬೇಡಿ, ಅಲ್ಲಿ ನಿಮ್ಮ ರಾಗದ ಓಟ ಸರಿಯಿದ್ರೆ ಸಾಕು, ನಿಂತ ಸ್ವರಗಳಿಗೆ ಮಾತ್ರ ಇದು.

ಸೇರಿದೆಯೋ ಇಲ್ವೋ ಅಂತ ತಿಳಿಯೋದು ಹೆಂಗೆ ಅಂದ್ರೆ, ಅಲೆ ಕೇಳಿಸ್ಕೊಳ್ಳಿ. ಒಬ್ಬರು 440, ಇನ್ನೊಬ್ಬರು 442 ಊದಿದ್ರೆ ಸೆಕೆಂಡಿಗೆ ಎರಡು ಸಲ ವೊಂವ್ ವೊಂವ್ ಅಂತ ಅಲೆ ಬರತ್ತೆ, ತಂಬೂರಿ ಶ್ರುತಿ ಮಾಡುವಾಗ ಜೀವಾಳ ಸರಿಮಾಡೋಕೆ ಮುಂಚೆ ಎರಡು ಸಾರಣಿ ತಂತಿ ಸೇರಿಸುವಾಗ ಬರೋ ಅದೇ ಅಲೆ. ಹತ್ತಿರ ಆದಂಗೆ ಅಲೆ ನಿಧಾನ ಆಗತ್ತೆ, ಸೇರಿದಾಗ ನಿಂತುಹೋಗತ್ತೆ. ಫ್ಲೂಟ್‌ನೋರ ಜೊತೆ ಒಂದೇ ಸ್ವರ ಹಿಡಿದು ನೀವು ಬೇಕಂತಲೇ ಸ್ವಲ್ಪ ಮೇಲೆ ಕೆಳಗೆ ಹೋಗಿ ಬನ್ನಿ, ದಿನಾ ಐದು ನಿಮಿಷ ಮಾಡಿದ್ರೂ ಕಿವಿ ತೆರೀತದೆ.

ಬಗ್ಗಿಸೋದು ಹೆಂಗೆ ಅಂತ ಕೇಳ್ತೀರ. ಕ್ಲಾರಿನೆಟ್‌ನಲ್ಲಿ ಬೆರಳಿಟ್ಟ ತಕ್ಷಣ ಸ್ವರ ಒಂದೇ ಜಾಗದಲ್ಲಿ ಬರತ್ತೆ ಅಂತ ಬ್ಯಾಂಡ್‌ನಿಂದ ಬಂದೋರು ನಂಬಿರ್ತಾರೆ. ನಮ್ಮ ಕದ್ರಿ ಗೋಪಾಲನಾಥ್ ಅವರನ್ನ ಕೇಳಿದೀರಲ್ಲ, ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದೇ ವಾದ್ಯದಲ್ಲಿ ಗಮಕ ಸಮೇತ ಕರ್ನಾಟಕ ಸಂಗೀತ ತಂದು, 1994ರಲ್ಲಿ ಲಂಡನ್‌ನ ಬಿಬಿಸಿ ಪ್ರಾಮ್ಸ್‌ವರೆಗೂ ಹೋದೋರು. ಅದೂ ಒಂಟಿ ರೀಡಿನ ವಾದ್ಯವೇ. ಅಷ್ಟು ಗಮಕ ಬರತ್ತೆ ಅಂದ್ರೆ 14 ಸೆಂಟ್ ಯಾವ ಲೆಕ್ಕ. ಕೆಳಗೆ ತರೋಕೆ ದವಡೆ ಸ್ವಲ್ಪ ಸಡಿಲ, ಗಂಟಲು ಅಗಲ, ಗಾಳಿ ಮಾತ್ರ ಕಮ್ಮಿ ಮಾಡಂಗಿಲ್ಲ. ನಡುವಿನ ಗಂಟಲ ಸ್ವರಗಳಿವೆಯಲ್ಲ, ಬರೆದ ಜಿ, ಜಿ ಶಾರ್ಪ್, ಎ, ಬಿ ಫ್ಲ್ಯಾಟ್, ಅವು ಮೊದಲೇ ಮಂಕು, ಮೇಲೆ ಶಾರ್ಪ್ ಕೂಡ, ಅಲ್ಲಿ ಬಲಗೈ ಬೆರಳು ಒಂದೆರಡು ಸೇರಿಸಿ ಮುಚ್ಚಿದ್ರೆ ಸ್ವರ ಇಳಿಯತ್ತೆ, ತುಂಬಿಕೊಳ್ಳತ್ತೆ. ಯಾವ ಬೆರಳು ಅನ್ನೋದು ವಾದ್ಯದಿಂದ ವಾದ್ಯಕ್ಕೆ ಬೇರೆ, ಒಂದು ಸಂಜೆ ಕೂತು ನಿಮ್ಮದಕ್ಕೆ ಯಾವುದು ಅಂತ ಹುಡುಕಿ ಬರೆದಿಟ್ಕೊಳ್ಳಿ. ಬ್ಯಾರೆಲ್ (ಮೌತ್‌ಪೀಸ್ ಕೆಳಗಿನ ಚಿಕ್ಕ ತುಂಡು) ಎಳೆಯೋದು ಇದಕ್ಕೆಲ್ಲ ಮದ್ದಲ್ಲ, ಬ್ಯಾರೆಲ್ ಎಳೆದಾಗ ಹೆಚ್ಚು ಇಳಿಯೋದು ಈ ಗಂಟಲ ಸ್ವರಗಳೇ, ಉಳಿದವು ಅಷ್ಟು ಇಳಿಯಲ್ಲ. ಎಲ್ಲ ಇಳಿಬೇಕಂದ್ರೆ ಮಧ್ಯದ ಜಾಯಿಂಟ್ ಕೂಡ ಸ್ವಲ್ಪ ಎಳೀಬೇಕು.

ಈಬೇರ್ ಅವರ ಮೂರು ಚಿಕ್ಕ ಪೀಸ್‌ನಲ್ಲಿ (1930, ನಾಟಕಕ್ಕೆ ಬರೆದ ಸಂಗೀತದಿಂದ ತೆಗೆದಿದ್ದು) ಎರಡನೇದು ಬಹುಪಾಲು ಫ್ಲೂಟ್ ಮತ್ತು ಕ್ಲಾರಿನೆಟ್ ಇಬ್ಬರದ್ದೇ, ಉಳಿದ ಮೂವರು ಬರೋದು ಕೊನೆ ಹತ್ತಿರ. ಇದನ್ನ ನಿಮ್ಮ ಪಾಠಶಾಲೆ ಅಂದ್ಕೊಳ್ಳಿ, ಯಾಕಂದ್ರೆ ಈ ಎರಡು ವಾದ್ಯಗಳ ಸ್ವಭಾವ ಪೂರ್ತಿ ವಿರುದ್ಧ. ಫ್ಲೂಟ್ ಜೋರಾದ್ರೆ ಶ್ರುತಿ ಮೇಲೆ ಹೋಗತ್ತೆ, ಮೆಲ್ಲಗಾದ್ರೆ ಕೆಳಗಿಳಿಯತ್ತೆ. ಕ್ಲಾರಿನೆಟ್ ಜೋರಾದ್ರೆ ಕೆಳಗೆ, ಮೆಲ್ಲಗಾದ್ರೆ ಮೇಲೆ. ಅಂದ್ರೆ ಇಬ್ಬರೂ ಸೇರಿ ಒಂದು ಸಾಲನ್ನ ಚೆಂದಾಗಿ ಸಣ್ಣ ಮಾಡ್ಕೊಂಡು ಹೋಗ್ತಾ ಇದೀರ ಅಂದ್ಕೊಳ್ಳಿ, ಅವರು ಇಳೀತಿದಾರೆ, ನೀವು ಏರ್ತಿದೀರ, ಶುರುವಿನಲ್ಲಿ ಸೇರಿದ್ದ ಸ್ವರ ಕೊನೇಲಿ ಬಾಯಿ ಬಿಟ್ಕೊಂಡಿರತ್ತೆ. ಇಬ್ಬರದ್ದೂ ತಪ್ಪಲ್ಲ, ವಾದ್ಯದ ಗುಣ. ಅವರು ಗಾಳಿಯನ್ನ ಸ್ವಲ್ಪ ಮೇಲಕ್ಕೆ ತಿರುಗಿಸ್ಬೇಕು, ನೀವು ಮೆಲ್ಲಗಾಗ್ತಾ ತುಟಿ ಬಿಗಿ ಮಾಡ್ಬಾರ್ದು. ಮೆಲ್ಲಗೆ ಅಂದ ತಕ್ಷಣ ಕಚ್ಚೋದು ಎಲ್ಲ ಕ್ಲಾರಿನೆಟ್‌ನೋರ ಅಭ್ಯಾಸ. ಕೋಚ್ ಹೇಳೋ "ಶಾರ್ಪ್"ನಲ್ಲಿ ಅರ್ಧ ಇದೇ ಇರತ್ತೆ ಅಂತ ನನಗೆ ಗುಮಾನಿ. ಫ್ಲೂಟ್‌ನೋರನ್ನ ಕರ್ಕೊಂಡು ಬರೀ ಇಬ್ಬರೇ ಒಂದು ರಿಹರ್ಸಲ್ ಮಾಡಿ, ಈ ಮೂವ್‌ಮೆಂಟ್, ಅಂದ್ರೆ ಪೀಸ್‌ನ ಈ ಭಾಗ ಮಾತ್ರ.

ಇಲ್ಲೇ ಇನ್ನೊಂದು ಮಾತು. ಐದು ವಾದ್ಯದಲ್ಲಿ ಅತಿ ಮೆಲ್ಲಗೆ, ಇಲ್ಲದ ಕಡೆಯಿಂದ ಬಂದಂಗೆ ಸ್ವರ ಶುರು ಮಾಡೋ ಶಕ್ತಿ ಇರೋದು ನಿಮಗೇ. ಓಬೋ, ಬಸೂನ್‌ಗೆ ಕೆಳಗಿನ ಸ್ವರಗಳನ್ನ ಮೆಲ್ಲಗೆ ಊದೋದು ಪ್ರಾಣಸಂಕಟ, ಫ್ಲೂಟ್‌ನ ಕೆಳ ಸ್ಥಾಯಿಗೆ ದನಿಯೇ ಕಮ್ಮಿ. ಅದಕ್ಕೆ ಫ್ಲೂಟ್ ಕೆಳಗಿದ್ದು ರಾಗ ಅವರದ್ದಾದ್ರೆ, ಹಾಳೇಲಿ ನಿಮಗೂ ಅವರಿಗೂ ಒಂದೇ 'ಪಿಯಾನೋ' (ಮೆಲ್ಲಗೆ ಅನ್ನೋ) ಗುರುತು ಹಾಕಿದ್ರೂ ನೀವು ಇನ್ನೂ ಎರಡು ಮೆಟ್ಟಿಲು ಇಳೀಬೇಕು. ಗುರುತು ಪಾಲಿಸಿದ್ದೀನಿ ಅಂತ ವಾದ ಮಾಡೋಕೆ ಬ್ಯಾಂಡ್‌ನಲ್ಲಿ ಆಗತ್ತೆ, ಇಲ್ಲಿ ಆಗಲ್ಲ. ಅದೇ ರೀತಿ ಶ್ರುತೀಲೂ, ಯಾರ ಸ್ವರ ಅಲುಗಾಡಿಸೋಕೆ ಕಷ್ಟವೋ ಅವರು ನಿಲ್ಲಲಿ, ಉಳಿದವರು ಅವರ ಹತ್ತಿರ ಹೋಗಲಿ. ಒಳ್ಳೇ ಗ್ರೂಪ್‌ಗಳು ಮೊದಲ ವಾರವೇ ಒಬ್ಬರಿಗೊಬ್ಬರು ತಮ್ಮ ವಾದ್ಯದ ಹಠಮಾರಿ ಸ್ವರಗಳ ಪಟ್ಟಿ ಹೇಳ್ಕೊಂಡುಬಿಡ್ತಾರೆ.

ಉಸಿರು. ಕಂಡಕ್ಟರ್ ಇಲ್ದೆ ಐವರೂ ಒಟ್ಟಿಗೆ ಶುರು ಮಾಡೋದು ಉಸಿರಿಂದ. ಲೀಡ್ ಮಾಡೋರು ಒಂದು ಬೀಟ್ ಮುಂಚೆ, ಬರೋ ವೇಗದಲ್ಲೇ, ಕೇಳಿಸೋ ಹಂಗೆ ಉಸಿರು ತಗೋತಾರೆ, ಎಲ್ಲರೂ ಅವರ ಜೊತೆನೇ ಉಸಿರು ತಗೋಬೇಕು. ವಾದ್ಯ ಎತ್ತಿ ಇಳಿಸೋದು ಕಣ್ಣಿಗೆ, ಆದ್ರೆ ನಿಜವಾದ ಸನ್ನೆ ಉಸಿರೇ. ಉಸಿರು ತಗೊಂಡು ಒಂದು ಕ್ಷಣ ಹಿಡಿದಿಟ್ಟು ಆಮೇಲೆ ಊದಿದ್ರೆ ಕೆಟ್ಟಿತು, ಉಯ್ಯಾಲೆ ಹಿಂದೆ ಹೋಗಿ ಮುಂದೆ ಬಂದಂಗೆ ಒಳಗೆ ಹೋದ ಗಾಳಿ ನಿಲ್ಲದೆ ಹೊರಗೆ ತಿರುಗ್ಬೇಕು. ಎಲ್ಲೆಲ್ಲಿ ಯಾರು ಲೀಡ್ ಅಂತ ಮೊದಲೇ ಮಾತಾಡ್ಕೊಳ್ಳಿ, ಯಾವಾಗ್ಲೂ ಫ್ಲೂಟೇ ಆಗ್ಬೇಕಂತಿಲ್ಲ, ಯಾರು ಚಲಿಸೋ ಸ್ವರ ಹಿಡಿದಿದಾರೋ ಅವರು. ಹಾರ್ನ್ ಬೆಲ್ ಹಿಂದಕ್ಕೆ ತಿರುಗಿರತ್ತೆ, ದನಿ ಗೋಡೆಗೆ ಬಡಿದು ಬರೋದ್ರಿಂದ ಸ್ವಲ್ಪ ತಡವಾಗಿ ಕೇಳತ್ತೆ, ಅವರು ಕೂದಲೆಳೆ ಮುಂಚೆ ಊದ್ಬೇಕು, ನೀವು ಅವರಿಗೆ ಕಾದ್ರೆ ಇಡೀ ಗಾಡಿ ನಿಧಾನ ಆಗತ್ತೆ. ವಾಕ್ಯದ ಮಧ್ಯೆ ಉಸಿರಿಗೆ ಜಾಗ ಗುರುತು ಹಾಕುವಾಗ ಓಬೋದವರನ್ನ ಕೇಳಿ ಹಾಕಿ, ಅವರಿಗೆ ಗಾಳಿ ಸಾಲದೇ ಹೋಗೋದಲ್ಲ ತೊಂದರೆ, ಮಿಕ್ಕಿ ಹೋಗೋದು. ರೀಡಿನ ಸಂದಿ ಅಷ್ಟು ಕಿರಿದು, ಹಳೇ ಗಾಳಿ ಎದೇಲೇ ಉಳಿದುಬಿಡತ್ತೆ, ಮೊದಲು ಬಿಟ್ಟು ಆಮೇಲೆ ತಗೋಬೇಕು, ಅದಕ್ಕೆ ಹೊತ್ತು ಬೇಕು. ಪಕ್ಕದಲ್ಲೇ ಫ್ಲೂಟ್‌ನೋರು ಗಾಳಿ ಖಾಲಿಯಾಗಿ ಒದ್ದಾಡ್ತಿರ್ತಾರೆ.

ಸ್ವರಗಳ ಉದ್ದಾನೂ ಹಿಂಗೇ. ಡಾಂಟ್ಸಿಯಲ್ಲಿ ಒಂದೇ ಸಾಲು ಓಬೋದಿಂದ ನಿಮಗೆ, ನಿಮ್ಮಿಂದ ಬಸೂನ್‌ಗೆ ಹೋಗೋ ಕಡೆ ಸ್ಟಕಾಟೋ (ಸ್ವರ ಚಿಕ್ಕದಾಗಿ ಕತ್ತರಿಸು ಅನ್ನೋ) ಚುಕ್ಕಿಗಳಿದ್ರೆ, ಐದು ಜನ ಐದು ಥರ ಕತ್ತರಿಸ್ತಾರೆ. ಜೋಡಿ ರೀಡಿನ ಸ್ವರ ಟಪ್ ಅಂತ ಶುರುವಾಗತ್ತೆ, ನಿಮ್ಮದು ಅದಕ್ಕಿಂತ ದುಂಡಗೆ. ಆ ಸಾಲನ್ನ ಮುಂಚೆ ನುಡಿಸಿದೋರ ಉಚ್ಚಾರಣೆ ಅನುಸರಿಸೋದು ನಿಯಮ, ಬೇರೆ ಥರ ಬೇಕಂದ್ರೆ ನಿಲ್ಲಿಸಿ ಮಾತಾಡಿ. ಮತ್ತೆ ವೇಗ ನಿರ್ಧಾರ ಮಾಡುವಾಗ, ಫ್ಲೂಟ್‌ನೋರು ಡಬಲ್ ಟಂಗಿಂಗ್ (ತು-ಕು ತು-ಕು ಅಂತ ನಾಲಿಗೆ ಆಡಿಸೋದು) ಮಾಡ್ಕೊಂಡು ಹಾರಿಹೋಗ್ತಾರೆ, ಹಾರ್ನ್‌ಗೂ ಅದು ಬರತ್ತೆ, ರೀಡಿನೋರಲ್ಲಿ ಹೆಚ್ಚಿನವರದ್ದು ಒಂದೇ ನಾಲಿಗೆ. ನಾಲಿಗೆ ನಿಧಾನ ಇರೋರ ವೇಗವೇ ಗ್ರೂಪಿನ ವೇಗ. ಇದರಲ್ಲಿ ಮಾನ ಹೋಗೋದೇನಿಲ್ಲ.

"ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ" ಅಂದ್ರಲ್ಲ, ಅದಕ್ಕೆ ಎಣಿಕೆ ಜಾಸ್ತಿ ಮಾಡಿದ್ರೆ ಉಪಯೋಗ ಇಲ್ಲ. ರೆಸ್ಟ್ ಇರೋ ಕಡೆ ಒಂದು ಎರಡು ಮೂರು ಅಂತ ಬಾರ್ ಎಣಿಸ್ತಾ ಕೂತ್ರೆ ಸಂಗೀತ ಕಿವಿಗೆ ಬೀಳೋದೇ ಇಲ್ಲ. ಅದರ ಬದಲು ನೀವು ಮತ್ತೆ ಶುರುವಾಗೋ ಎರಡು ಬಾರ್ ಮುಂಚೆ ಯಾರು ಏನು ನುಡಿಸ್ತಾರೆ ಅಂತ ಸ್ಕೋರ್ ನೋಡಿ ನಿಮ್ಮ ಹಾಳೇಲಿ ಚಿಕ್ಕದಾಗಿ ಬರ್ಕೊಳ್ಳಿ, ಓಬೋ ಮೇಲೇರುತ್ತೆ, ಹಾರ್ನ್ ಉದ್ದ ಸ್ವರ, ಅಷ್ಟು ಸಾಕು. ಮತ್ತೆ ಬಸೂನ್ ಸಾಲನ್ನ ಬಾಯಲ್ಲಿ ಹಾಡೋಕೆ ಕಲೀರಿ, ಪೂರ್ತಿ ಮೂವ್‌ಮೆಂಟ್. ಸ್ವರ ಹೆಸರಿಟ್ಟು ಹಾಡಿದ್ರೂ ಸರಿ, ಲಾ ಲಾ ಅಂದ್ರೂ ಸರಿ. ಕೈಯಲ್ಲಿ ತಾಳ ಹಾಕ್ಕೊಂಡು ಒಬ್ಬರ ಸಾಲು ಹಾಡ್ತಾ ಇನ್ನೊಬ್ಬರ ಸಾಲು ಮನಸಲ್ಲಿ ಕೇಳೋದು ವರ್ಣ ಎರಡು ಕಾಲದಲ್ಲಿ ಹಾಡಿದೋರಿಗೆ ಹೊಸದಲ್ಲ. ಅಮೆರಿಕದ ಹುಡುಗರು ಹಾಡು ಅಂದ್ರೆ ನಾಚ್ಕೊತಾರೆ, ನೀವು ನಾಚ್ಕೋಬೇಡಿ. ರೆಕಾರ್ಡಿಂಗ್ ಹಾಕ್ಕೊಂಡು ಸ್ಕೋರ್ ಮೇಲೆ ಬೆರಳಿಟ್ಟು ಒಂದ್ಸಲ ಬಸೂನ್, ಒಂದ್ಸಲ ಹಾರ್ನ್ ಹಿಂಬಾಲಿಸಿ, ನಿಮ್ಮ ಸಾಲು ಬಿಟ್ಟುಬಿಡಿ, ಅದು ಹೆಂಗೂ ಗೊತ್ತು. ಆದ್ರೆ ರೆಕಾರ್ಡಿಂಗ್ ಜೊತೆ ಊದೋದನ್ನ ಅಭ್ಯಾಸ ಮಾಡ್ಕೋಬೇಡಿ, ರೆಕಾರ್ಡಿಂಗ್ ನಿಮಗೋಸ್ಕರ ಕಾಯಲ್ಲ, ನಿಮ್ಮ ನಾಲ್ವರು ಕಾಯ್ತಾರೆ, ಎರಡೂ ಬೇರೆ ವಿದ್ಯೆ.

ಕಳೆದುಹೋದಾಗ ಊದೋದು ನಿಲ್ಲಿಸಿ. ಅಂದಾಜಿನ ಮೇಲೆ ಊದಿದ್ರೆ ನಿಮ್ಮನ್ನ ನಂಬಿ ಇನ್ನೊಬ್ಬರು ಕಳೆದುಹೋಗ್ತಾರೆ. ಸುಮ್ಮನಿದ್ದು, ಗುರುತು ಹಾಕಿರೋ ಮುಂದಿನ ಜಾಗದಲ್ಲಿ ಸೇರ್ಕೊಳ್ಳಿ. ಮೊದಲ ಕೆಲವು ರಿಹರ್ಸಲ್‌ನಲ್ಲಿ ಬೇಕಂತಲೇ ಒಬ್ಬೊಬ್ಬರನ್ನ ಮಧ್ಯೆ ನಿಲ್ಲಿಸಿ ಮತ್ತೆ ಸೇರೋ ಆಟ ಆಡಿ, ಸ್ಟೇಜ್ ಮೇಲಿನ ಭಯ ಅರ್ಧ ಹೋಗತ್ತೆ.

ಬಾಯಿ ಬಿಡೋ ಸಂಕೋಚ. ಮೇಜರ್ಸ್ ಅಂದ ಮಾತ್ರಕ್ಕೆ ಅವರಿಗೆ ಗ್ರೂಪ್ ನಡೆಸೋಕೆ ಬರತ್ತೆ ಅಂತಲ್ಲ, ಬಹಳ ಜನಕ್ಕೆ ಇದೂ ಮೊದಲ ಕ್ವಿಂಟೆಟ್ಟೇ ಆಗಿರತ್ತೆ. ವಾರಕ್ಕೊಂದ್ಸಲ ಬರೋ ಕೋಚ್ ಒಂದು ಗಂಟೇಲಿ ಎಲ್ಲ ಸರಿಮಾಡಲ್ಲ, ನಿಜವಾದ ಕೆಲಸ ನೀವೈವರೇ ಕೂತಾಗ ಆಗೋದು, ಅಲ್ಲಿ ಸುಮ್ಮನಿರೋ ಒಬ್ಬರು ಇದ್ರೆ ಗ್ರೂಪಿಗೇ ನಷ್ಟ. "ನೀನು ಫ್ಲ್ಯಾಟ್", ಅಂದ್ರೆ ನಿನ್ನ ಶ್ರುತಿ ಕೆಳಗಿದೆ, ಅಂತ ಯಾರಿಗೂ ಹೇಳ್ಬೇಡಿ. ಬಾರ್ ನಂಬರ್ ಹೇಳಿ, "ಅಲ್ಲಿ ನಾನು, ಬಸೂನ್ ಇಬ್ಬರೇ ಒಂದ್ಸಲ ನುಡಿಸ್ಬಹುದಾ, ನನಗೆ ಕೇಳಿಸ್ತಿಲ್ಲ" ಅನ್ನಿ. ತಪ್ಪು ಯಾರದ್ದಾದ್ರೂ ಎರಡೇ ದನಿ ಉಳಿದಾಗ ತಾನಾಗೇ ಗೊತ್ತಾಗತ್ತೆ, ಯಾರೂ ಯಾರಿಗೂ ಹೇಳೋ ಪ್ರಮೇಯ ಬರಲ್ಲ. ರಾಗ ಇರೋರನ್ನ ಬಿಟ್ಟು ಉಳಿದ ನಾಲ್ವರು ನುಡಿಸೋದನ್ನೂ ಕೇಳಿ ನೋಡಿ, ಹಿಂಬದಿ ಅಷ್ಟೇ ಕೇಳಿದಾಗ ಎಷ್ಟು ಕಸ ಇದೆ ಅಂತ ಎಲ್ಲರಿಗೂ ದಿಗಿಲಾಗತ್ತೆ. ಮತ್ತೆ ಪ್ರತಿ ತಪ್ಪಿಗೂ ಸಾರಿ ಸಾರಿ ಅನ್ನೋದು ನಿಲ್ಲಿಸಿ. ನಮ್ಮೋರಲ್ಲಿ ಇದು ಜಾಸ್ತಿ. ನುಡಿಸ್ತಿರುವಾಗ ಮುಖ ಕಿವುಚೋದೂ ಅಷ್ಟೇ, ಎದುರಿಗೆ ಕೂತೋರಿಗೆ ನಿಮ್ಮ ಮುಖವೇ ಸನ್ನೆ.

ವಿಸ್ಕಾನ್ಸಿನ್ ಅಂದ್ರಲ್ಲ, ಚಳಿಗಾಲದ ಬಗ್ಗೆ ಹೇಳದೇ ಇದ್ರೆ ತಪ್ಪಾಗತ್ತೆ. ಬೆಂಗಳೂರಲ್ಲಿ ಇದರ ಅಗತ್ಯ ಬಿದ್ದಿರಲ್ಲ. ನಿಮ್ಮದು ಪ್ಲಾಸ್ಟಿಕ್ ಕ್ಲಾರಿನೆಟ್ ಆದ್ರೆ ಚಿಂತೆ ಇಲ್ಲ, ಮರದ್ದಾದ್ರೆ, ಅದು ಆಫ್ರಿಕಾದ ಕರಿಮರ, ಹೊರಗೆ ಕೊರೆಯೋ ಚಳೀಲಿ ತಂದು ಸೀದಾ ಬಿಸಿ ಉಸಿರು ಊದಿದ್ರೆ ಒಳಗೆ ಹಿಗ್ಗಿ ಹೊರಗೆ ತಣ್ಣಗಿದ್ದು ಮೇಲಿನ ಜಾಯಿಂಟ್ ಬಿರುಕು ಬಿಡಬಹುದು. ಸ್ವಲ್ಪ ಮುಂಚೆ ಹೋಗಿ, ಆ ಜಾಯಿಂಟನ್ನ ಸ್ವೆಟರ್ ಒಳಗಿಟ್ಟು ಮೈ ಶಾಖಕ್ಕೆ ಬೆಚ್ಚಗಾಗೋಕೆ ಬಿಡಿ. ಹೀಟರ್ ಹಾಕಿದ ರೂಮಿನ ಒಣ ಗಾಳೀಲಿ ಮರವೂ ಕುಗ್ಗತ್ತೆ, ರೀಡೂ ಸೊಟ್ಟಗಾಗತ್ತೆ, ಕೇಸ್ ಒಳಗೆ ತೇವ ಕಾಯೋ ಪ್ಯಾಕ್ ಒಂದು ಇಟ್ಕೊಳ್ಳಿ. ಶ್ರುತಿ ಮಾಡೋದು ಕನಿಷ್ಠ ಹತ್ತು ನಿಮಿಷ ಊದಿದ ಮೇಲೆ, ತಣ್ಣಗಿನ ಕ್ಲಾರಿನೆಟ್ ಫ್ಲ್ಯಾಟ್ ಇದ್ದು ಆಮೇಲೆ ಏರ್ತಾ ಹೋಗತ್ತೆ. ರೀಡ್ ಒಂದನ್ನೇ ಸವೆಸ್ಬೇಡಿ, ನಾಲ್ಕೈದನ್ನ ನಂಬರ್ ಹಾಕಿ ಸರದಿ ಪ್ರಕಾರ ಊದಿ, ರಿಸೈಟಲ್ ಹೊತ್ತಿಗೆ ಎರಡಾದ್ರೂ ನಂಬಿಕಸ್ತ ಇರತ್ತೆ. ಓಬೋ ಬಸೂನ್‌ನೋರು ರೀಡನ್ನ ತಾವೇ ಕೆತ್ತಿ ಕಟ್ಟಿ ಮಾಡ್ಕೊತಾರೆ, ಅವರ ಮುಖ ಬಾಡಿದ್ರೆ ರೀಡ್ ಕೈ ಕೊಟ್ಟಿದೆ ಅಂತ ತಿಳ್ಕೊಂಡು ಆವತ್ತು ಸ್ವಲ್ಪ ಸುಮ್ಮನಿರಿ.

ಮುಂದಿನ ಸೆಮಿಸ್ಟರ್‌ಗೂ ಇದೇ ಐವರು ಇರ್ತೀರ ಅಂತಾದ್ರೆ ಪೀಸ್ ಆರಿಸೋದ್ರಲ್ಲಿ ನೀವೂ ಮಾತು ಹಾಕಿ. ರೈಖಾ ಚೆನ್ನಾಗಿರತ್ತೆ ಆದ್ರೆ ಬಾಯಿ ಬತ್ತಿಹೋಗತ್ತೆ, ಅಷ್ಟುದ್ದ. ನೀಲ್ಸನ್ ಅವರ 1922ರ ಕ್ವಿಂಟೆಟ್ ಈ ಪ್ರಕಾರದಲ್ಲೇ ನನಗೆ ಅತಿ ಇಷ್ಟ, ಕೋಪನ್‌ಹೇಗನ್‌ನ ಐವರು ಗೆಳೆಯರ ಸ್ವಭಾವ ನೋಡಿ ಬರೆದದ್ದು, ಕೊನೇ ಮೂವ್‌ಮೆಂಟ್‌ನಲ್ಲಿ ಕ್ಲಾರಿನೆಟ್‌ನೋರ ಸಿಟ್ಟು ಸಿಡುಕೆಲ್ಲ ಇದೆ, ಆದ್ರೆ ಈಗಲೇ ಬೇಡ. ಲಿಗೆಟಿಯ ಆರು ಬಗಾಟೆಲ್ (ಚಿಕ್ಕ ಪೀಸ್‌ಗಳು, 1953) ಕೇಳೋಕೆ ಕಚಗುಳಿ, ನುಡಿಸೋಕೆ ಲಯದ ಕಠಿಣ ಪರೀಕ್ಷೆ, ಬುಡಾಪೆಸ್ಟ್‌ನಲ್ಲಿ 1956ರಲ್ಲಿ ಮೊದಲ ಸಲ ನುಡಿಸಿದಾಗ ಆರನೇದನ್ನ ಬಿಟ್ಟು ಐದೇ ನುಡಿಸಿದ್ರಂತೆ, ಅಷ್ಟು ಕರ್ಕಶ ಸ್ವರಗಳಿಗೆ ಆಗಿನ ಆಡಳಿತದ ಭಯ. ನಿಮ್ಮ ಗುಂಪಿಗೆ ಸದ್ಯಕ್ಕೆ ಮ್ಯಾಲ್ಕಮ್ ಆರ್ನಾಲ್ಡ್ ಅವರ ಮೂರು ಶ್ಯಾಂಟಿ (1943) ಸರಿ, ಹಡಗಿನ ಕೂಲಿಗಳ ಹಾಡಿನ ಮೇಲೆ ಕಟ್ಟಿದ್ದು, ತಮಾಷೆಯಾಗಿದೆ. ಅದರ ಜೊತೆಗೆ ವ್ಯಾಲೆರಿ ಕೋಲ್ಮನ್ ಅವರ ಉಮೋಜ. ಎರಡರ ಸ್ಕೋರನ್ನೂ ರಜೆಗೆ ಮುಂಚೆನೇ ಲೈಬ್ರರಿಯಿಂದ ತಗೊಂಡಿಟ್ಕೊಳ್ಳಿ, ರಜೇಲಿ ಊರಿಗೆ ಬಂದಾಗ ಬಸೂನ್ ಸಾಲು ಹಾಡ್ತಾ ಕೂರಬಹುದು.